ಹದಿನಾಲ್ಕು ಗಂಟೆ, ಒಂದು ಕಪ್ ಟೀ

ನೆವಿಲ್ ಹೊರಾಕ್ಸ್ ಮೂವತ್ತೊಂದು ವರ್ಷ ಬ್ರೆಡ್ ವ್ಯಾನ್ ಓಡಿಸಿದವನು. ರೇಕ್‌ಬರ್ನ್‌ನ ಏರು ಬೀದಿಗಳಲ್ಲಿ ಬೆಳಕು ಹರಿಯುವ ಮೊದಲೇ ಅವನ ಟ್ರೇಗಳು ಅಂಗಡಿಗಳ ಬಾಗಿಲಿಗೆ ಬಂದು ಕೂತಿರುತ್ತಿದ್ದವು. ಒಂದು ದಿನವೂ ತಡಮಾಡಿದವನಲ್ಲ. ಐವತ್ತೊಂಬತ್ತನೇ ವಯಸ್ಸಿನಲ್ಲಿ, ಒಂದು ಫೆಬ್ರವರಿ ಬೆಳಿಗ್ಗೆ, ಶಾಲೆಯ ಗೇಟಿನ ಮುಂದೆ ವ್ಯಾನ್ ನಿಲ್ಲಿಸಿ ಇಳಿಯಲು ಹೋದ. ಬಲಗಾಲು ಬರಲಿಲ್ಲ. ಬಲಗೈಯೂ ಬರಲಿಲ್ಲ. ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಬಂದ ಮೇಲೆ ಕಾಲು ಸ್ವಲ್ಪ ಮಾತು ಕೇಳಿತು. ಕೈ ಕೇಳಲೇ ಇಲ್ಲ.

ಹೆಂಡತಿ ಏವ್ರಿಲ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಇದ್ದದ್ದು ಸಾಲುಮನೆಗಳಲ್ಲಿ ಒಂದು ಮನೆ, ಹಿಂದೆ ಕಲ್ಲು ಹಾಸಿದ ಸಣ್ಣ ಅಂಗಳ, ಅಂಗಳದ ಕೊನೆಗೆ ಮರದ ಗೂಡು, ಗೂಡಿನಲ್ಲಿ ಇಪ್ಪತ್ತಾರು ಪಂದ್ಯದ ಪಾರಿವಾಳ. ಅವನು ಪಾರಿವಾಳಗಳಿಗೆ ಹೆಸರಿಡುವವನಲ್ಲ. ಕಾಲಿನ ಬಳೆಯ ಮೇಲಿನ ಕೊನೆಯ ಎರಡು ಅಂಕಿ ಹಿಡಿದು ಕರೆಯುತ್ತಿದ್ದ. ನಲವತ್ತೊಂದು ಎಂಬ ನೀಲಿ ಹೆಣ್ಣು ಹಕ್ಕಿ ಒಮ್ಮೆ, ಪಂದ್ಯಕ್ಕೆಂದು ಒಯ್ದು ಬಿಟ್ಟ ಫ್ರಾನ್ಸಿನಿಂದ, ಗಾಳಿಮಳೆಯಲ್ಲಿ ಎರಡು ದಿನ ಹಾರಿ, ಎದೆ ಹರಿದುಕೊಂಡು ಬಂದು ಗೂಡಿನ ಹಲಗೆಯ ಮೇಲೆ ಇಳಿದಿತ್ತು. ಅದರ ಎದೆಗೆ ಅವನೇ ಹೊಲಿಗೆ ಹಾಕಿದ್ದ. ಆಗ ಎರಡು ಕೈ ಇದ್ದವು.

ಮೊದಲ ಮೂರು ವರ್ಷ ಊರಿನ ಆಡಳಿತ ನೋಡುವ ಕೌನ್ಸಿಲ್ ತಾನೇ ಆಳು ಕಳಿಸುತ್ತಿತ್ತು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ವಾರಕ್ಕೊಂದು ಹೊಸ ಮುಖ. ಮೈ ಒರೆಸಿ, ಬಟ್ಟೆ ಹಾಕಿ, ಹಾಳೆಯಲ್ಲಿ ಗುರುತು ಹಾಕಿ ಓಡುತ್ತಿದ್ದರು. ಜೂನ್ ತಿಂಗಳಲ್ಲಿ ಬಿಸಿಲು ಇನ್ನೂ ಕಿಟಕಿಯಲ್ಲಿ ಇರುವಾಗಲೇ ಏಳು ಗಂಟೆಗೆ ಅವನನ್ನು ಮಲಗಿಸಿಬಿಡುತ್ತಿದ್ದರು. ಮಲಗಿಕೊಂಡು ಅವನು ಗೂಡಿನ ಸದ್ದು ಕೇಳುತ್ತಿದ್ದ. ಆ ಮೂರು ವರ್ಷ ಗೂಡು ನೋಡಿಕೊಂಡವನು ಸಿರಿಲ್ ಎಂಟ್ವಿಸಲ್, ಪಾರಿವಾಳ ಕ್ಲಬ್ಬಿನ ಹಳೆಯ ಗೆಳೆಯ. ಪಕ್ಕದ ಕಣಿವೆಯಿಂದ ದಿನ ಬಿಟ್ಟು ದಿನ ಬಸ್ಸಿನಲ್ಲಿ ಬರುತ್ತಿದ್ದ. ಆಮೇಲೆ ಸಿರಿಲ್‌ನ ಮಂಡಿಯೂ ಹೋಯಿತು.

ಅಷ್ಟರಲ್ಲಿ ಹೊಸ ಏರ್ಪಾಡು ಬಂತು. ಕೌನ್ಸಿಲ್ ಅವನ ಆರೈಕೆಗೆಂದು ವರ್ಷದ ಹಣ ಎತ್ತಿಡುತ್ತದೆ. ಹಣ ಅವನ ಕೈಗೆ ಬರುವುದಿಲ್ಲ; ಅವನೇ ಆರಿಸಿಕೊಂಡ ಆರೈಕೆ ಸಂಸ್ಥೆಯ ಹತ್ತಿರ ಇರುತ್ತದೆ. ಲೆಕ್ಕಪತ್ರದ ತಲೆನೋವು ಸಂಸ್ಥೆಯದು. ಆದರೆ ಯಾವ ಹೊತ್ತಿಗೆ ಯಾರು ಬರಬೇಕು, ಬಂದು ಏನು ಮಾಡಬೇಕು ಎನ್ನುವುದು ಅವನ ಇಷ್ಟ. ವಾರಕ್ಕೆ ಹದಿನಾಲ್ಕು ಗಂಟೆ.

ಸಂಸ್ಥೆಯಿಂದ ಬಂದವಳು ಮ್ಯಾಕ್ಸಿನ್. ನಲವತ್ತು ದಾಟಿದ ಗಟ್ಟಿ ಹೆಂಗಸು. ಮೊದಲು ಮೀನಂಗಡಿಯಲ್ಲಿ ಕೆಲಸ ಮಾಡಿದ್ದಳು.

"ಹೇಳು, ಹೇಗೆ ಬೇಕು ನಿಂಗೆ ಈ ಹದಿನಾಲ್ಕು?" ಎಂದು ಕೇಳಿದಳು.

"ಸ್ನಾನ ವಾರಕ್ಕೆರಡು ಸಾಕು. ಸಂಜೆ ಯಾರೂ ಬರೋದ್ ಬೇಡ, ಕುರ್ಚೀಲೆ ನಿದ್ದೆ ಮಾಡ್ತೀನಿ. ಉಳಿದಿದ್ದೆಲ್ಲ ಬೆಳಿಗ್ಗೆ ಗೂಡಿಗೆ."

"ಯಾವ ಗೂಡು?"

ತೋರಿಸಿದ. ಒಂದು ಹಕ್ಕಿ ರೆಕ್ಕೆ ಬಡಿದಿದ್ದೇ ಮ್ಯಾಕ್ಸಿನ್ ಅಂಗಳದ ಗೋಡೆಗೆ ಅಂಟಿಕೊಂಡಳು. "ಮೀನು ರೆಕ್ಕೆ ಬಡಿಯಲ್ಲಪ್ಪ" ಎಂದಳು. ಒಂದು ತಿಂಗಳಲ್ಲಿ ಅವಳೇ ಕರಣೆ ಹಿಡಿದು ಹಲಗೆಯ ಮೇಲಿನ ಹಿಕ್ಕೆ ಕೆರೆಯುತ್ತಿದ್ದಳು. ನೆವಿಲ್ ಬ್ರೆಡ್ಡಿನ ಹಳೆಯ ಟ್ರೇ ಬೋರಲು ಹಾಕಿಕೊಂಡು ಕೂತು, ಎಡಗೈಯಲ್ಲಿ ಊರುಗೋಲು ಚಾಚಿ, ಅಲ್ಲಿ, ಇಲ್ಲಿ ಎಂದು ತೋರಿಸುತ್ತಿದ್ದ.

"ಅವಕ್ಕೆ ದಿನಾ ಸ್ನಾನ, ನಿಂಗೆ ವಾರಕ್ಕೆರಡು. ಯಾರು ಜಾಸ್ತಿ ನಾರ್ತೀರ ಹೇಳ್ಲಾ?"

"ಕೆಲಸ ನೋಡು ಹುಡುಗಿ."

ಹೀಗೆ ನಾಲ್ಕು ವರ್ಷ ನಡೆಯಿತು. ಗೂಡು ಉಳಿಯಿತು. ಮಲಗಿಕೊಂಡು ಗೋಡೆ ನೋಡುತ್ತಿದ್ದವನು ಶನಿವಾರ ಮಧ್ಯಾಹ್ನಗಳಲ್ಲಿ ಪಂದ್ಯದಿಂದ ಮರಳುವ ಹಕ್ಕಿಗೆ ಕಾದು ಆಕಾಶ ನೋಡುವಂತಾದ.

ಐದನೇ ವರ್ಷದ ಮೇ ತಿಂಗಳಲ್ಲಿ ಕೌನ್ಸಿಲ್‌ನಿಂದ ಪತ್ರ ಬಂತು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಒಬ್ಬರು ಬಂದು ವಿಚಾರಿಸುತ್ತಾರೆ, ಎಷ್ಟು ಗಂಟೆ ಬೇಕೆಂದು ಹೊಸದಾಗಿ ನೋಡುತ್ತಾರೆ ಎಂದಿತ್ತು.

ಮ್ಯಾಕ್ಸಿನ್ ಪತ್ರ ಓದಿ ಕನ್ನಡಕ ತೆಗೆದಳು. "ನೋಡು ನೆವಿಲ್, ನಾನು ಹೇಳೋದ್ ಸರಿಯಾಗಿ ಕೇಳು. ಅವತ್ತು ಮನೆ ಚೊಕ್ಕ ಮಾಡ್ಬೇಡ. ಪಾತ್ರೆ ಸಿಂಕಲ್ಲೇ ಇರ್ಲಿ. ಕೋಣೇಲಿರೋ ಕಮೋಡ್ ಕುರ್ಚಿ ಮೇಲೆ ಆ ಹೂವಿನ ಬಟ್ಟೆ ಮುಚ್ಬೇಡ. ಬಂದವರು ಕೇಳಿದ್ರೆ ನಿನ್ನ ಕೆಟ್ಟ ದಿನ ಹೇಗಿರುತ್ತೆ ಅದನ್ನ ಹೇಳು. ಒಳ್ಳೇ ದಿನದ್ದಲ್ಲ."

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ."

ನೆವಿಲ್ ಆ ಹೂಂ ಎಂದದ್ದು ಸುಳ್ಳು ಹೇಳಬೇಕೆಂದಲ್ಲ. ಆದರೆ ಅವನನ್ನು ಬೆಳೆಸಿದವಳು ಅಮ್ಮ, ಏಡಾ ಹೊರಾಕ್ಸ್. ನೂಲಿನ ಗಿರಣಿಯಲ್ಲಿ ಹತ್ತು ತಾಸು ನಿಂತು ಬಂದು, ವಾರವಾರವೂ ಮೊಣಕಾಲೂರಿ ಬಾಗಿಲ ಮೆಟ್ಟಿಲು ತಿಕ್ಕುತ್ತಿದ್ದ ಹೆಂಗಸು. ಬೀದಿಯಲ್ಲಿ ಎಲ್ಲರೂ ಹಾಗೇ ಇದ್ದರು. ಡಾಕ್ಟರು ಬರುತ್ತಾರೆಂದರೆ ಮೊದಲು ಕಾಯಿಲೆಯವನ ತಲೆ ಬಾಚಿ, ಹಾಸಿಗೆ ಹೊದಿಕೆ ಬದಲಿಸಿ, ಡಾಕ್ಟರ ಟೀಗೆ ಒಳ್ಳೆಯ ಕಪ್ಪು ತೆಗೆದಿಡುತ್ತಿದ್ದರು. ಹೇಗಿದ್ದೀರಿ ಎಂದು ಕೇಳಿದರೆ, ದೂರುವಂಥದ್ದೇನಿಲ್ಲ ಎನ್ನಬೇಕು. ಸಾಯುವ ಹಿಂದಿನ ದಿನ ಏಡಾ ನರ್ಸಿಗೆ ಹೇಳಿದ್ದೂ ಅದೇ ಮಾತು.

ವಾರವಿಡೀ ಅವನು ಮ್ಯಾಕ್ಸಿನ್ ಹೋದ ಮೇಲೆ ಅಭ್ಯಾಸ ಮಾಡಿದ. ಅಮ್ಮನ ಕಾಲದ ಗಾಲಿಯ ಟೀ ಟ್ರಾಲಿ ಮೆಟ್ಟಿಲ ಕೆಳಗಿತ್ತು. ಎಳೆದು ತೆಗೆಯಲು ಒಂದು ಮಧ್ಯಾಹ್ನ ಹಿಡಿಯಿತು. ಎಡಗೈಯಲ್ಲಿ ಕೆಟಲ್‌ಗೆ ಅರ್ಧ ನೀರು ಹಿಡಿಯುವುದು, ಹಾಲಿನ ಡಬ್ಬದ ಮುಚ್ಚಳ ಹಲ್ಲಿನಲ್ಲಿ ತಿರುಗಿಸುವುದು, ಟ್ರಾಲಿಯನ್ನು ಹೊಟ್ಟೆಯಿಂದ ತಳ್ಳುವುದು. ಮಂಗಳವಾರ ಒಂದು ಕಪ್ಪು ಒಡೆಯಿತು. ಮದುವೆಗೆ ಬಂದ ಆರರಲ್ಲಿ ಒಂದು. ಚೂರುಗಳನ್ನು ಕಾಳಿನ ಡಬ್ಬದ ಹಿಂದೆ ತಳ್ಳಿದ. ಬುಧವಾರ ಒಂದು ಹನಿ ಚೆಲ್ಲದೆ ಟ್ರಾಲಿ ಮುಂದಿನ ಕೋಣೆಗೆ ಬಂತು.

"ನಾಳೆ ಬೆಳಿಗ್ಗೆ ಬರ್ಬೇಡ" ಎಂದು ಮ್ಯಾಕ್ಸಿನ್‌ಗೆ ಹೇಳಿದ. "ಮಧ್ಯಾಹ್ನ ಬಾ."

"ಯಾಕೆ?"

"ನೀನು ಬಾಯಿ ಹಾಕ್ತೀಯ."

ಗುರುವಾರ ಬೆಳಿಗ್ಗೆ ಐದಕ್ಕೆ ಎದ್ದ. ಪ್ಯಾಂಟು, ಅಂಗಿ, ಬೂಟು ಹಾಕಿಕೊಳ್ಳುವಷ್ಟರಲ್ಲಿ ಒಂಬತ್ತೂವರೆ. ಕ್ಲಬ್ಬಿನ ಟೈ ಮೊಳೆಗೆ ನೇತಾಡುತ್ತಿತ್ತು. ಯಾರದೋ ಸಾವಿಗೆ ಹೋಗುವಾಗ ಸಿರಿಲ್ ಕಟ್ಟಿಕೊಟ್ಟ ಗಂಟನ್ನು ಅವನು ಬಿಚ್ಚಿರಲಿಲ್ಲ; ಸಡಿಲ ಮಾಡಿ ತೆಗೆಯುವುದು, ತಲೆಗೆ ಹಾಕಿಕೊಂಡು ಎಳೆಯುವುದು. ಕಮೋಡ್ ಮೇಲೆ ಹೂವಿನ ಬಟ್ಟೆ ಮುಚ್ಚಿ, ಅದರ ಮೇಲೆ ಏವ್ರಿಲ್‌ಳ ಫೋಟೋ ಇಟ್ಟ.

ಬಂದವಳ ಹೆಸರು ಫಿಲಿಪಾ. ಮೂವತ್ತು ಇರಬಹುದು. ಮೆತ್ತನೆಯ ಮಾತು. ಮಳೆಗೆ ನೆನೆದ ಬೂಟನ್ನು ಬಾಗಿಲಲ್ಲೇ ಬಿಡಲು ಹೋದಳು. ನೆವಿಲ್ ಬಿಡಲಿಲ್ಲ. ಟ್ರಾಲಿ ತಳ್ಳಿಕೊಂಡು ಬಂದು ಟೀ ಕೊಟ್ಟ. ತಟ್ಟೆಯಲ್ಲಿ ಶುಂಠಿ ಕೇಕು.

"ಅಯ್ಯೋ, ಎಲ್ಲಾ ನೀವೇ ಮಾಡಿದ್ರಾ, ಮಿಸ್ಟರ್ ಹೊರಾಕ್ಸ್?"

"ಟೀ ತಾನೇ."

"ಸ್ನಾನಕ್ಕೆ ತೊಂದರೆ ಇದೆಯಾ?"

"ದೂರೋ ಅಂಥದ್ದೇನಿಲ್ಲ."

"ಬಟ್ಟೆ ಹಾಕ್ಕೊಳ್ಳೋದು?"

"ನೋಡ್ತಿದ್ದೀರಲ್ಲ."

"ಇತ್ತೀಚೆಗೆ ಬಿದ್ದಿದ್ದು, ಗಿದ್ದಿದ್ದು?"

ಏಪ್ರಿಲ್‌ನಲ್ಲಿ ಎರಡು ಸಲ ಬಿದ್ದಿದ್ದ. ಎರಡನೇ ಸಲ ಗೂಡಿನ ಮುಂದೆ ಎರಡು ಗಂಟೆ ಅಂಗಾತ ಮಲಗಿದ್ದ. "ಇಲ್ಲ" ಎಂದ.

"ಗಂಟೆಗಳನ್ನ ಹೆಚ್ಚಾಗಿ ಯಾವುದಕ್ಕೆ ಬಳಸ್ತೀರಿ?"

ಇದಕ್ಕೆ ಅವನ ಮುಖ ಅರಳಿತು. ಬನ್ನಿ ತೋರಿಸ್ತೀನಿ ಎಂದು ಎದ್ದ. ಊರುಗೋಲು ಬಾಗಿಲ ಹಿಂದೆಯೇ ಬಿಟ್ಟು, ಗೋಡೆ ಹಿಡಿದು, ಅಂಗಳ ದಾಟಿ ಗೂಡಿಗೆ ಕರೆದೊಯ್ದ. ನಲವತ್ತೊಂದನ್ನು ಅವಳ ಕೈಗೆ ಕೊಟ್ಟ. ಹಕ್ಕಿಯ ಎದೆಬಡಿತ ಕೈಗೆ ತಾಗಿ ಅವಳು ನಕ್ಕಳು.

"ನೀವು ತುಂಬಾ ಚೆನ್ನಾಗಿ ನಿಭಾಯಿಸ್ತಿದ್ದೀರಿ" ಎಂದು ಹೇಳಿ ಹೋದಳು.

ಆ ಮಾತು ಕೇಳಿ ನೆವಿಲ್‌ಗೆ ಹೊಟ್ಟೆ ತುಂಬಿತು. ಕುರ್ಚಿಯಲ್ಲಿ ಕೂತ. ಮತ್ತೆ ಏಳಲು ಆಗಲಿಲ್ಲ. ಮಧ್ಯಾಹ್ನ ಮ್ಯಾಕ್ಸಿನ್ ಬಂದಾಗ ಟೈ ಹಾಕಿಕೊಂಡೇ ನಿದ್ದೆ ಹೋಗಿದ್ದ. ಕುರ್ಚಿ ಒದ್ದೆಯಾಗಿತ್ತು. ಅವಳು ಟ್ರಾಲಿ ನೋಡಿದಳು, ಕೇಕು ನೋಡಿದಳು, ಬಟ್ಟೆ ಮುಚ್ಚಿದ ಕಮೋಡ್ ನೋಡಿದಳು. ಬಿಸಿನೀರು ಕಾಯಿಸಲು ಹೋದಳು.

ಮೂರು ವಾರಕ್ಕೆ ಪತ್ರ ಬಂತು. ಮಿಸ್ಟರ್ ಹೊರಾಕ್ಸ್ ಅಡುಗೆಮನೆಯ ಕೆಲಸ, ಉಡುಪು, ಓಡಾಟ ಬಹುಪಾಲು ತಾವೇ ಮಾಡಿಕೊಳ್ಳುತ್ತಾರೆ, ಹೆಚ್ಚಿನ ಗಂಟೆಗಳು ಹಕ್ಕಿ ಸಾಕುವ ಹವ್ಯಾಸಕ್ಕೆ ಹೋಗುತ್ತಿವೆ, ಇನ್ನು ಮುಂದೆ ವಾರಕ್ಕೆ ಆರು ಗಂಟೆ. ಅವನು ಪತ್ರ ಮಡಿಸಿ ಕಾಳಿನ ಡಬ್ಬದ ಕೆಳಗೆ ಇಟ್ಟ. ಆದರೆ ಸಂಸ್ಥೆಗೂ ಅದೇ ಪತ್ರ ಹೋಗಿತ್ತು.

"ಟೀ ಕೊಟ್ಟೆಯಂತೆ" ಎಂದಳು ಮ್ಯಾಕ್ಸಿನ್.

"ಮನೆಗೆ ಬಂದವರಿಗೆ ಕೊಡಲ್ವಾ?"

"ನಾಲ್ಕು ವರ್ಷದಿಂದ ಬರ್ತಿದ್ದೀನಿ, ನಂಗೊಂದ್ ದಿನ ಕೊಟ್ಟಿದ್ದೀಯಾ?"

ಅವನು ಕಿಟಕಿಯ ಕಡೆ ತಿರುಗಿದ.

"ಆರು ಗಂಟೇಲಿ ನಿನ್ನ ತೊಳೆದು, ಉಣ್ಣೋಕ್ ಹಾಕೋಷ್ಟೇ ಆಗೋದು. ನಮ್ಮ ಆಫೀಸು ಎಳೆದೂ ಎಳೆದೂ ಒಂದು ವಾರ ಎಳೀಬಹುದು. ಆಮೇಲೆ ಗೂಡಿಲ್ಲ ನೆವಿಲ್. ಮತ್ತೊಂದ್ ಸಲ ನೋಡಿ ಅಂತ ಬರೆಯೋಣ. ಅವಳು ಬರ್ಲಿ. ನಿಜ ಹೇಳು."

"ಆ ವಯಸ್ಸಿನ ಹುಡುಗಿ ಮುಂದೆ ಅದೆಲ್ಲ ಹೇಳೋಕಾಗಲ್ಲ."

"ನಾನ್ ಹೇಳ್ತೀನಿ."

"ನೀನೂ ಹೇಳ್ಕೂಡ್ದು." ಅಷ್ಟು ಗಟ್ಟಿಯಾಗಿ ಅವನು ಅವಳ ಜೊತೆ ಯಾವತ್ತೂ ಮಾತಾಡಿರಲಿಲ್ಲ.

ತಾನೇ ನೋಡಿಕೊಳ್ಳುತ್ತೇನೆ ಎಂದು ಹೊರಟ. ಮ್ಯಾಕ್ಸಿನ್ ಬಾರದ ಬೆಳಿಗ್ಗೆಗಳಲ್ಲಿ ಕರಣೆ ಹಿಡಿದು ಗೂಡಿನೊಳಗೆ ಹೋಗುತ್ತಿದ್ದ. ಕರಣೆ ಹಿಡಿದರೆ ಊರುಗೋಲು ಹಿಡಿಯುವಂತಿಲ್ಲ. ಕೆಳಗಿನ ಹಲಗೆ ಕೆರೆದರೆ ಮೇಲಿನದು ಉಳಿಯುತ್ತಿತ್ತು. ನೀರಿನ ಪಾತ್ರೆಗಳಲ್ಲಿ ಹಸಿರು ಕಟ್ಟಿತು. ಎರಡು ಮರಿ ಹಕ್ಕಿಗಳ ಕಣ್ಣಲ್ಲಿ ನೀರು ಸುರಿಯತೊಡಗಿತು. ಜೂನ್ ಕೊನೆಗೆ ಅವನೇ ಸಿರಿಲ್‌ಗೆ ಫೋನ್ ಮಾಡಿದ.

ಸಿರಿಲ್‌ಗೆ ಎಪ್ಪತ್ತೆಂಟು. ಅಳಿಯ ಕಾರಿನಲ್ಲಿ ತಂದು ಬಿಟ್ಟು, ಬೀದಿಯಲ್ಲೇ ಕಾಯುತ್ತಿದ್ದ. ಸಿರಿಲ್ ಎರಡು ಬೆತ್ತದ ಬುಟ್ಟಿ ಇಳಿಸಿಕೊಂಡು ಗೂಡಿನ ಬಾಗಿಲು ತೆಗೆದ. ಮೂಗು ಮುಚ್ಚಲಿಲ್ಲ. ಮುಚ್ಚದೇ ಇದ್ದದ್ದನ್ನು ನೆವಿಲ್ ಗಮನಿಸಿದ.

"ಮರಿಗಳು ಹದಿನೈದು" ಎಂದ ಸಿರಿಲ್. "ಇವು ಇನ್ನೂ ಸರಿಯಾಗಿ ಹಾರಿಲ್ಲ. ನನ್ನ ಗೂಡಿಗೆ ಹೊಂದ್ಕೊಳ್ತವೆ. ಅಳಿಯ ನೋಡ್ಕೊಳ್ತಾನೆ. ದೊಡ್ಡವು ಹನ್ನೊಂದು. ಅವುಗಳ ವಿಷಯ ನಿಂಗೆ ನಾನ್ ಹೇಳ್ಬೇಕಾಗಿಲ್ಲ."

ಹೇಳಬೇಕಾಗಿರಲಿಲ್ಲ. ಹಾರಿ ಪಳಗಿದ ಪಂದ್ಯದ ಹಕ್ಕಿಗೆ ಗೂಡು ಒಂದೇ. ಎಲ್ಲಿಗೆ ಒಯ್ದರೂ, ಎಷ್ಟು ವರ್ಷ ಇಟ್ಟರೂ, ಬಾಗಿಲು ತೆಗೆದ ದಿನ ಹೊರಟು ಇಲ್ಲಿಗೇ ಬಂದು ಇಳಿಯುತ್ತದೆ. ಬೇರೆಯವರು ಇಟ್ಟುಕೊಳ್ಳಬೇಕಾದರೆ ಸಾಯುವವರೆಗೂ ತಂತಿಯ ಹಿಂದೆ ಕೂಡಿಡಬೇಕು. ಇಲ್ಲವೇ ಕತ್ತು ತಿರುಚಬೇಕು.

"ಕೂಡಿಡ್ತೀಯಾ?" ಎಂದು ಕೇಳಿದ ನೆವಿಲ್.

"ಹನ್ನೊಂದಕ್ಕೂ ಜಾಗ ಇಲ್ಲ. ನಾಲ್ಕು ಆಗ್ಬಹುದು. ನಲವತ್ತೊಂದಕ್ಕೆ ವಯಸ್ಸಾಯ್ತು, ಮೊಟ್ಟೆನೂ ಇಡಲ್ಲ." ಸಿರಿಲ್ ಬುಟ್ಟಿಯ ಪಟ್ಟಿ ಬಿಗಿದ. "ಅದನ್ನ ನೀನೇ ಮಾಡ್ಬೇಕು. ನಾನ್ ಮಾಡಲ್ಲ."

"ಒಂದು ಕೈಲಿ ಹೇಗೆ ಮಾಡ್ಲಿ?"

ಸಿರಿಲ್ ತಿರುಗಿ ನೋಡಿದ. "ಅದು ಆಗಲ್ಲ ಅಂತ ಬಾಯಲ್ಲಿ ಬಂತಲ್ಲ. ಆ ಹುಡುಗಿ ಬಂದಾಗ ಎಲ್ಲೋಗಿತ್ತು ಈ ಬಾಯಿ? ಟೈ ಬೇರೆ ಹಾಕ್ಕೊಂಡಿದ್ದೆಯಂತೆ. ನಾನ್ ಕಟ್ಟಿದ್ ಟೈ. ಯಾರ ಮಾನ ಕಾಯ್ತಿದ್ದೀಯ? ನಿಮ್ಮಮ್ಮ ಹೋಗಿ ಮೂವತ್ತು ವರ್ಷ ಆಯ್ತು. ಅವಳಿಗೆ ಈ ಹಕ್ಕಿಗಳು ಕಂಡ್ರೆ ಆಗ್ತಿರ್ಲಿಲ್ಲ, ಅದೂ ನೆನಪಿರ್ಲಿ."

ಹದಿನೈದು ಮರಿ ಬುಟ್ಟಿ ಸೇರಿದವು. ಅಳಿಯ ಬುಟ್ಟಿ ಕಾರಿಗೆ ಇಟ್ಟ. ದೊಡ್ಡವನ್ನು ಸಿರಿಲ್ ಮುಟ್ಟಲಿಲ್ಲ. "ಮುಂದಿನ ತಿಂಗಳು ಬರ್ತೀನಿ. ಅಷ್ಟರಲ್ಲಿ ತೀರ್ಮಾನ ಮಾಡು" ಎಂದ.

ನೆವಿಲ್ ಅಂಗಳದಲ್ಲೇ ಕೂತಿದ್ದ. ನಲವತ್ತೊಂದು ಗೂಡಿನ ಹಲಗೆಯ ಮೇಲೆ ಬಂದು, ಅಲ್ಲಿನ ಕೊಳೆಯಲ್ಲಿ ಕಾಲಿಡಲು ಜಾಗ ಹುಡುಕುತ್ತಿತ್ತು. ಮ್ಯಾಕ್ಸಿನ್ ಬಂದಾಗ ಅವನು ಅತ್ತ ತಿರುಗಿಕೊಂಡೇ ಹೇಳಿದ.

"ಬರಿ ಆ ಅರ್ಜಿ."

ಫಿಲಿಪಾ ಎರಡನೇ ಸಲ ಬಂದದ್ದು ಜುಲೈ ಕೊನೆಯ ಸೋಮವಾರ. ಹಿಂದಿನ ಎರಡು ದಿನ ಮ್ಯಾಕ್ಸಿನ್‌ಗೆ ಏನೂ ತೆಗೆಯಬೇಡ ಎಂದಿದ್ದ. ಪಾತ್ರೆಗಳು ಸಿಂಕಿನಲ್ಲಿದ್ದವು. ಕಮೋಡ್ ಬಟ್ಟೆಯಿಲ್ಲದೆ ನಿಂತಿತ್ತು. ನೆವಿಲ್ ಪೈಜಾಮದಲ್ಲಿದ್ದ, ಅಂಗಿಯ ಮೇಲೆ ಮೊಟ್ಟೆಯ ಕಲೆ, ಮುಖದ ಮೇಲೆ ನಾಲ್ಕು ದಿನದ ಗಡ್ಡ. ಟೈ ಮೊಳೆಯ ಮೇಲೆಯೇ ಇತ್ತು. ಮ್ಯಾಕ್ಸಿನ್ ಮೂಲೆಯ ಸ್ಟೂಲಿನಲ್ಲಿ ಕೂತು, ಬಾಯಿ ಹಾಕುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದಳು.

ಫಿಲಿಪಾ ಒಳಗೆ ಬಂದು ನಿಂತಳು. ಕೋಣೆಯ ವಾಸನೆ ಅವಳಿಗೂ ಬಂದಿರಬೇಕು. ಕಮೋಡ್ ಕಡೆ ನೋಡಿ, ಕೂಡಲೇ ನೆವಿಲ್ ಕಡೆ ನೋಡಿದಳು. ಅವನ ಕಣ್ಣು ಟ್ರಾಲಿಗೆ ಹೋಯಿತು. ಎಡಗೈ ಕುರ್ಚಿಯ ತೋಳು ಹಿಡಿದು ಎದ್ದೇಬಿಡುವ ಹಾಗೆ ಬಿಗಿಯಿತು. ಮ್ಯಾಕ್ಸಿನ್ ನೆಲ ನೋಡುತ್ತಿದ್ದಳು.

"ಟೀ" ಎಂದ ನೆವಿಲ್. ನಿಲ್ಲಿಸಿದ. ಕುತ್ತಿಗೆ ಕೆಂಪಗಾಯಿತು. "ಟೀ ಮಾಡೋಕೆ ನನ್ನ ಕೈಲಾಗಲ್ಲ. ಕೆಟಲ್ ಅಲ್ಲಿದೆ. ನೀವೇ ಮಾಡ್ಕೋಬೇಕು."

ಅವನ ಮನೆಗೆ ಬಂದವರಿಗೆ ಈ ಮಾತು ಯಾರೂ ಯಾವತ್ತೂ ಹೇಳಿರಲಿಲ್ಲ. ಫಿಲಿಪಾ ಚೀಲ ಕೆಳಗಿಟ್ಟಳು. ಸಿಂಕಿನ ಪಾತ್ರೆ ಸರಿಸಿ ಎರಡು ಮಗ್ಗು ತೊಳೆದಳು. ಅವಳು ಮಾಡಿದ ಟೀ ನೀರಿನ ಹಾಗಿತ್ತು. ಟೀ ಚೀಲ ಹಾಕಿದ ಹಾಗೇ ತೆಗೆದುಬಿಟ್ಟಿದ್ದಳು. ನೆವಿಲ್ ಅವಳ ಮುಂದೆಯೇ ಕುಡಿದ. ಬಲಗಡೆಯ ತುಟಿಯಿಂದ ಸ್ವಲ್ಪ ಸೋರಿ ಗಲ್ಲಕ್ಕೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಅವತ್ತು ಐದು ಗಂಟೆಗೆದ್ದಿದ್ದೆ" ಎಂದು ಶುರು ಮಾಡಿದ. "ನೀವು ಬಂದಾಗ ಹತ್ತೂವರೆ."

ಆಮೇಲೆ ಹೇಳಿದ. ಪ್ಯಾಂಟಿನ ಬಗ್ಗೆ. ವಾರವೆಲ್ಲ ಟ್ರಾಲಿ ತಳ್ಳಿ ಕಲಿತದ್ದರ ಬಗ್ಗೆ. ಅಂಗಳದಲ್ಲಿ ಅಂಗಾತ ಬಿದ್ದು, ಪಕ್ಕದ ಮನೆಯವಳು ಬಟ್ಟೆ ಒಣಹಾಕಲು ಬಂದಾಗಲೂ ಕೂಗದೆ ಇದ್ದದ್ದು. ಅವತ್ತು ಫಿಲಿಪಾ ಹೋದ ಮೇಲೆ ಕುರ್ಚಿಯಲ್ಲಿ ಆದದ್ದು. ಎಲ್ಲವನ್ನೂ ಕಿಟಕಿಯ ಕಡೆ ನೋಡಿಕೊಂಡು, ಅಂಗಡಿಗೆ ಕೊಟ್ಟ ಬ್ರೆಡ್ಡಿನ ಪಟ್ಟಿ ಓದುವ ಹಾಗೆ ಹೇಳಿದ. ಎಲ್ಲೂ ಜೋರಾಗಲಿಲ್ಲ. ಫಿಲಿಪಾ ಮೊದಲು ಬರೆದುಕೊಳ್ಳುತ್ತಿದ್ದಳು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು. ಆಮೇಲೆ ಮತ್ತೆ ಬರೆದುಕೊಂಡಳು.

"ಆವತ್ತು ಯಾಕೆ ಹೇಳ್ಲಿಲ್ಲ?"

"ನೀವು ಮನೆಗೆ ಬಂದಿದ್ರಿ" ಎಂದ.

"ಹಕ್ಕಿಗಳ ವಿಷಯ..." ಎಂದಳು ಅವಳು. "ಮೇಲಿನವರು ಅದನ್ನ ಹವ್ಯಾಸ ಅಂತಾರೆ. ನಾನು ಹೇಗೆ ಬರೀಲಿ?"

ಬಾಯಿ ಹಾಕಿದವಳು ಮ್ಯಾಕ್ಸಿನ್. "ಅವು ಇಲ್ಲಾಂದ್ರೆ ಇವನು ಆ ಕುರ್ಚಿಯಿಂದ ಏಳೋದೇ ಇಲ್ಲ. ಹಾಗೇ ಬರ್ಕೊಳ್ಳಿ. ಈಗ ಬೈಯೋದಿದ್ರೆ ಬೈಯ್ಯಪ್ಪ."

ನೆವಿಲ್ ಬೈಯಲಿಲ್ಲ.

ಫಿಲಿಪಾ ಹೋದದ್ದೇ ತಡ, "ಆ ಬಟ್ಟೆ ಮುಚ್ಚು" ಎಂದ, ಕಮೋಡ್ ತೋರಿಸಿ. ಎರಡು ದಿನ ಗೂಡಿನ ಕಡೆಗೂ ಹೋಗಲಿಲ್ಲ. ಮ್ಯಾಕ್ಸಿನ್ ಏನು ಹೇಳಿದರೂ ನಗಲಿಲ್ಲ. ಮೈಯ ಚರ್ಮ ಸುಲಿದು ಬೀದಿಯಲ್ಲಿ ಹರಡಿದ ಹಾಗೆ ಆಗಿದೆ ಎಂದು ಒಮ್ಮೆ ಮಾತ್ರ ಹೇಳಿದ.

ಆಗಸ್ಟ್ ಕೊನೆಯಲ್ಲಿ ಪತ್ರ ಬಂತು. ಕನ್ನಡಕ ಎಲ್ಲೋ ಇದೆ ಎಂದು ನೆಪ ಹೇಳಿ ಮ್ಯಾಕ್ಸಿನ್ ಕೈಗೆ ಕೊಟ್ಟ. ಅವಳು ಗಟ್ಟಿಯಾಗಿ ಓದಿದಳು. ಮಿಸ್ಟರ್ ಹೊರಾಕ್ಸ್ ಸಹಾಯವಿಲ್ಲದೆ ಉಡುಪು ಧರಿಸಲಾರರು. ಬಿಸಿ ಪಾನೀಯ ತಯಾರಿಸಲಾರರು. ಬಿದ್ದರೆ ತಾವಾಗಿ ಏಳಲಾರರು. ಮಲಮೂತ್ರದ ಮೇಲೆ ಯಾವಾಗಲೂ ಹಿಡಿತವಿರುವುದಿಲ್ಲ. ಒಂದೂವರೆ ಪುಟ ಹೀಗೇ ಇತ್ತು. ಕೊನೆಯಲ್ಲಿ, ವಾರಕ್ಕೆ ಹನ್ನೊಂದು ಗಂಟೆ. ಹದಿನಾಲ್ಕಲ್ಲ.

ನೆವಿಲ್ ಪತ್ರದ ಕಡೆ ಊರುಗೋಲು ಚಾಚಿದ. "ಯಾರು ಈ ಬಡಪಾಯಿ?" ಎಂದ.

"ಯಾರೋ" ಎಂದಳು ಮ್ಯಾಕ್ಸಿನ್. "ಅವನ ದೆಸೆಯಿಂದ ನಿಂಗೆ ಹನ್ನೊಂದು ಸಿಕ್ತು ನೋಡು."

ಹನ್ನೊಂದು ಗಂಟೆಗೆ ಹನ್ನೊಂದು ಹಕ್ಕಿ. ಅರ್ಜಿಯ ವಿಷಯ ತಿಳಿದು ಸಿರಿಲ್ ಆ ದೊಡ್ಡವುಗಳ ಮಾತು ಮತ್ತೆ ಎತ್ತಿರಲಿಲ್ಲ. ಮರಿಗಳು ಸಿರಿಲ್‌ನ ಗೂಡಿಗೆ ಹೊಂದಿಕೊಂಡುಬಿಟ್ಟಿದ್ದವು. ಅವನ್ನು ವಾಪಸು ಕೇಳುವಂತಿರಲಿಲ್ಲ. ಸ್ನಾನ ವಾರಕ್ಕೆ ಒಂದಕ್ಕೆ ಇಳಿಸೋಣ ಎಂದ ನೆವಿಲ್. ಹಾಗಾದ್ರೆ ನಾನ್ ಬರಲ್ಲ ಎಂದಳು ಮ್ಯಾಕ್ಸಿನ್. ಎರಡೇ ಉಳಿಯಿತು. ಅದರ ಬದಲು ಶನಿವಾರ ಬರುತ್ತಿದ್ದ ಮೂರು ಗಂಟೆ ಹೋಯಿತು.

ಪತ್ರದ ಕೊನೆಯ ಸಾಲನ್ನು ಅವಳು ಓದಿರಲಿಲ್ಲ. ಗೂಡಿಗೆ ಹೊರಡುವ ಮುಂಚೆ ಓದಿದಳು. ಹನ್ನೆರಡು ತಿಂಗಳ ಬಳಿಕ ಮತ್ತೆ ಬಂದು ವಿಚಾರಿಸಲಾಗುವುದು.

ನೆವಿಲ್ ಊರುಗೋಲು ಹಿಡಿದು ಎದ್ದ. ಬಾಗಿಲವರೆಗೆ ಹೋಗಿ ನಿಂತ. ಹೊರಗೆ ನಲವತ್ತೊಂದು ಹಲಗೆಯ ಮೇಲೆ ಕೂತು ಕಾಯುತ್ತಿತ್ತು. ಇವೆಲ್ಲವನ್ನೂ ಮತ್ತೆ ಮುಂದಿನ ವರ್ಷ, ಆಮೇಲಿನ ವರ್ಷ, ಪೈಜಾಮದಲ್ಲಿ ಕೂತು, ಕಿಟಕಿ ನೋಡಿಕೊಂಡು ಹೇಳಬೇಕು.

"ಮುಂದಿನ ಸಲ ಬಂದಾಗ ಆ ಹುಡುಗಿಗೊಂದು ಹೇಳಿಕೊಡ್ಬೇಕು" ಎಂದ.

"ಏನನ್ನ?"

"ಟೀ ಚೀಲ ನಾಲ್ಕು ನಿಮಿಷ ಬಿಡ್ಬೇಕು ಅಂತ."

ಮ್ಯಾಕ್ಸಿನ್ ಕರಣೆ ತೆಗೆದುಕೊಂಡು ಅವನ ಹಿಂದೆ ಅಂಗಳಕ್ಕೆ ಇಳಿದಳು.